ಭಾವನ ಸಿ ಡ್ರೈವ್

ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಇಬ್ಬರು ಗಂಡಸರು ಜೀವನಪೂರ್ತಿ ಒಬ್ಬರನ್ನೊಬ್ಬರು ಅಳೆಯುತ್ತ ಕೂರಬೇಕಾಗುತ್ತದೆ. ಇಂಥವರನ್ನು ಷಡ್ಡಕರು ಎನ್ನುತ್ತಾರೆ. ನಾನು ಆ ಅಕ್ಕತಂಗಿಯರಿಗೆ ನಡುವಿನವನಾದ್ದರಿಂದ ಇಬ್ಬರೂ ನನಗೆ ಭಾವಂದಿರೇ, ಇಬ್ಬರ ಹೊಟ್ಟೆಯುರಿಯ ಹೊಗೆಯೂ ನನ್ನ ಮೂಗಿಗೇ ಬರುತ್ತದೆ. ಗೊಂದಲವಾಗದಿರಲೆಂದು ಅಕ್ಕನ ಗಂಡನನ್ನು ಭಾವ ಎಂದೂ ತಂಗಿಯ ಗಂಡನನ್ನು ಡಾಕ್ಟರು ಎಂದೂ ಕರೆಯುತ್ತೇನೆ. ಭಾವ ಬಸ್ ಡಿಪೋದ ಉಗ್ರಾಣ ನೋಡಿಕೊಳ್ಳುವವರು. ಡಾಕ್ಟರು ಹಲ್ಲಿನ ಡಾಕ್ಟರು.

ನಾನು ಇರುವುದು ಅಕ್ಕನ ಮನೆಯಲ್ಲಿ, ಮನೆಯ ಕಂಪ್ಯೂಟರ್ ಇರುವುದು ನನ್ನ ಕೋಣೆಯಲ್ಲಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು ನಾನು. ಪಕ್ಕದಲ್ಲಿ ಕೂತು ಇನ್ನೊಬ್ಬರು ತಪ್ಪು ಮಾಡುವುದನ್ನು ನೋಡುವುದೇ ನನ್ನ ಹೊಟ್ಟೆಪಾಡು. ಆದರೆ ಅಲ್ಲಿ ನನ್ನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಈ ಕಂಪ್ಯೂಟರಿನ ವಿಷಯದಲ್ಲಿ ಅದು ಇರಲಿಲ್ಲ.

ಆ ಭಾನುವಾರ ತಂಗಿ ಮತ್ತು ಡಾಕ್ಟರು ಬಂದಿದ್ದರು. ಕಂಪ್ಯೂಟರ್ ಆಮೆಯಂತಾಗಿದೆ, ಒಂದು ಕೆಂಪು ಪಟ್ಟಿ ಬೇರೆ ತೋರಿಸುತ್ತಿದೆ ಎಂದು ಅಕ್ಕ ಮಾತಿನ ಮಧ್ಯೆ ಹೇಳಿದಳು. ಡಾಕ್ಟರು ಬಗ್ಗಿ ನೋಡಿ, ಹುಳುಕು ಹಲ್ಲು ಕಂಡಾಗ ಮಾಡುವಂತೆ ನಾಲಿಗೆಯಲ್ಲಿ ಲೊಚಗುಟ್ಟಿದರು.

"ಒಳಗಿರೋದು ಒಂದೇ ಡಿಸ್ಕ್ ಅಕ್ಕ, ಮಧ್ಯೆ ಗೋಡೆ ಹಾಕಿ ಎರಡು ಕೋಣೆ ಮಾಡಿದಾರೆ. ಸಿ ಅನ್ನೋ ಕೋಣೆ ಪೂರ್ತಿ ತುಂಬಿಹೋಗಿದೆ. ಪಕ್ಕದ ಡಿ ಅರ್ಧಕ್ಕರ್ಧ ಖಾಲಿ. ಗೋಡೆ ಸ್ವಲ್ಪ ಸರಿಸಿದ್ರೆ ಆಯ್ತು. ಮುಂದಿನ ಭಾನುವಾರ ಬಂದು ನಾನೇ ಮಾಡಿಕೊಡ್ತೀನಿ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಭಾವನ ಕಡೆ ತಿರುಗಿ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರ ಹತ್ತಿರ ಆಡುವ ದನಿಯಲ್ಲಿ, "ಅಣ್ಣ, ಅಲ್ಲಿವರೆಗೆ ನೀವು ಮಾತ್ರ ಏನೂ ಮುಟ್ಟಬೇಡಿ. ಆಯ್ತಾ?" ಎಂದರು.

ಭಾವ ನಕ್ಕರು. ಆ ನಗೆಯನ್ನು ನೋಡಿ ನಾನು ನನ್ನ ಹಾಸಿಗೆಯನ್ನು ಕಂಪ್ಯೂಟರಿನಿಂದ ದೂರಕ್ಕೆ ಎಳೆದುಕೊಂಡೆ.

"ಆಯ್ತಾ ಅಂದ ನೋಡು! ಮಗೂಗೆ ಹೇಳಿದ ಹಾಗೆ!" ಎಂದು, ಡಾಕ್ಟರು ಹೋದಮೇಲೆ, ಭಾವ ಕೋಣೆಯ ಉದ್ದಗಲ ಅಳೆಯತೊಡಗಿದರು. "ಹಲ್ಲು ಕೀಳೋನು ಜಾಗದ ವಿಷಯ ನನಗೆ ಹೇಳಿಕೊಡ್ತಾನೆ. ಡಿಪೋದಲ್ಲಿ ಹೊಸ ಟೈರು ಲಾರಿಗಟ್ಟಲೆ ಬಂದಾಗ ಜಾಗ ಮಾಡೋನು ಯಾರು? ಇವನಾ? ಕಪಾಟು ತುಂಬಿದ್ರೆ ಪಕ್ಕದ ಕಪಾಟು ಸರಿಸಬೇಕು. ಅದಕ್ಕೇನು ಬ್ರಹ್ಮವಿದ್ಯೆ ಬೇಕಾ?"

ಡಾಕ್ಟರ ಬಗ್ಗೆ ಭಾವನಿಗೆ ಇದ್ದ ದೂರು ಇಷ್ಟೇ: ಅವರು ಎಲ್ಲದರಲ್ಲೂ ಚೆನ್ನಾಗಿದ್ದರು. ಹೊಸ ಕ್ಲಿನಿಕ್, ಹೊಸ ಕಾರು, ಶಾಲು ಹೊದಿಸಿಕೊಂಡ ಸನ್ಮಾನ, ಸಮುದ್ರತೀರದ ರಜೆ. ಪ್ರತಿಯೊಂದಕ್ಕೂ ತಂಗಿ ರಾಶಿ ರಾಶಿ ಫೋಟೋ, ವಿಡಿಯೋ ಕಳಿಸುತ್ತಿದ್ದಳು. ಅಕ್ಕ ಅವನ್ನು ಫೋನಿನಿಂದ ಕಂಪ್ಯೂಟರಿಗೆ ಹಾಕಿಡುತ್ತಿದ್ದಳು. ಹಾಗೆ ಹಾಕಿದ ದಿನವೆಲ್ಲ ಸಂಜೆ ಭಾವ ಒಬ್ಬರೇ ಕೂತು ಎಲ್ಲವನ್ನೂ ಒಂದೊಂದಾಗಿ ನೋಡಿ, ನಿಟ್ಟುಸಿರು ಬಿಟ್ಟು, ಕೀಲಿಮಣೆಯ ಒಂದು ಕೀಲಿಯನ್ನು ಜೋರಾಗಿ ಕುಟ್ಟಿ, ಸಮಾಧಾನದಿಂದ ಊಟಕ್ಕೆ ಏಳುತ್ತಿದ್ದರು.

ಭಾನುವಾರಕ್ಕೆ ಮೊದಲೇ ಗೋಡೆ ಸರಿಸಿ, ಡಾಕ್ಟರು ಬಂದಾಗ "ಓ ಅದಾ? ಆವತ್ತೇ ಮಾಡಿಬಿಟ್ಟೆ" ಎಂದು ಪೇಪರಿನಿಂದ ತಲೆಯೆತ್ತದೆ ಹೇಳಬೇಕು. ಭಾವನಿಗೆ ಬೇಕಿದ್ದದ್ದು ಆ ಒಂದು ವಾಕ್ಯ. ಅದಕ್ಕಾಗಿ ವಾರದ ನಡುವೆ ರಜೆ ಹಾಕಿದರು, ನನಗೂ ಹಾಕಿಸಿದರು.

ಅಕ್ಕ ಬೆಳಿಗ್ಗೆಯೇ ಅಂಧ ಮಕ್ಕಳ ಶಾಲೆಗೆ ಹೊರಟಿದ್ದಳು. ಅವಳು ಆ ಮಕ್ಕಳ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಾಳೆ. ಮಕ್ಕಳು ಕೇಳಿ ಕಲಿಯುತ್ತಾರೆ. ಮಧ್ಯಾಹ್ನವೆಲ್ಲ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಓದುವಾಗ ಹೊರಗೆ ಚಮಚ ಬಿದ್ದರೂ ನಮಗೆ ಬೈಗುಳ. ನನ್ನ ಹತ್ತಿರ ಮಾತಾಡೋದಕ್ಕಿಂತ ಆ ಡಬ್ಬದ ಹತ್ತಿರವೇ ಜಾಸ್ತಿ ಮಾತಾಡ್ತಾಳೆ ಎಂದು ಭಾವನಿಗೆ ಆ ಕಂಪ್ಯೂಟರಿನ ಮೇಲೂ ಸ್ವಲ್ಪ ಹೊಟ್ಟೆಕಿಚ್ಚು.

"ನಾಳೆ ಮೇಷ್ಟ್ರು ಬಂದು ವಿಜ್ಞಾನದ ಪಾಠ ತಗೊಂಡು ಹೋಗ್ತಾರೆ. ಪರೀಕ್ಷೆ ಹತ್ರ ಬಂತು" ಎಂದು ಹೇಳಿಯೇ ಅಕ್ಕ ಮೆಟ್ಟಿಲಿಳಿದಳು. ಭಾವ ಕಿಟಕಿಯಿಂದ ಅವಳು ತಿರುವು ದಾಟುವುದನ್ನೇ ಕಾದು, ಅಂಗಿಯ ತೋಳು ಮಡಚಿಕೊಂಡು ಕಂಪ್ಯೂಟರಿನ ಮುಂದೆ ಕೂತರು.

ಮೊದಲು ಡಿ-ಯನ್ನು ಕುಗ್ಗಿಸಿದರು. ಅದು ಕುಗ್ಗಿತು. "ನೋಡಿದ್ಯಾ?" ಎಂದರು. ಆಮೇಲೆ ಸಿ-ಯನ್ನು ಹಿಗ್ಗಿಸಲು ಹೋದರು. ಅದು ಒಪ್ಪಲಿಲ್ಲ. ಖಾಲಿಯಾದ ಜಾಗ ಡಿ-ಯ ಆಚೆ ಬದಿಯಲ್ಲಿತ್ತು, ಸಿ ಈಚೆ ಬದಿಯಲ್ಲಿತ್ತು, ನಡುವೆ ಡಿ ಗಟ್ಟಿಯಾಗಿ ಕೂತಿತ್ತು. ಭಾವ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. ಉಗ್ರಾಣದ ಬುದ್ಧಿ ಕೈ ಹಿಡಿಯಿತು. "ಹಾಗಾದ್ರೆ ಡಿ-ಯನ್ನೇ ಸಾಮಾನು ಸಮೇತ ಎತ್ತಿ ಆಚೆ ಗೋಡೆಗೆ ಒತ್ತಬೇಕು." ಹಾಗೆ ಒತ್ತುವ ತಂತ್ರಾಂಶವೊಂದನ್ನು ಇಳಿಸಿಕೊಂಡರು. ಅದು ಒಂದು ಎಚ್ಚರಿಕೆ ತೋರಿಸಿತು. ಭಾವ ಎಚ್ಚರಿಕೆಗಳನ್ನು ಒಪ್ಪಿಗೆ ಕೊಟ್ಟಮೇಲೆ ಓದುವ ಜಾತಿಯವರು. ಗುಂಡಿ ಒತ್ತಿ, ನಂತರ ಕನ್ನಡಕ ಹಾಕಿಕೊಂಡರು.

"ಏನಂತೆ?" ಎಂದು ಕೇಳಿದೆ.

"ಸರಿಸೋ ಕೆಲಸ ಮುಗಿಯೋವರೆಗೂ ಕರೆಂಟ್ ಹೋಗಬಾರದಂತೆ. ಹೋದ್ರೆ ಒಳಗಿರೋದೆಲ್ಲ ಹೋಗಬಹುದಂತೆ. ನಿಲ್ಲಿಸೋಕೂ ಆಗಲ್ವಂತೆ."

"ಭಾವ, ಡಿ ಒಳಗೆ ಏನಿದೆ?"

ಭಾವನ ಮುಖದಿಂದ ರಕ್ತ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅಕ್ಕನ ಒಂದು ವರ್ಷದ ದನಿ ಪೂರ್ತಿ ಅದರೊಳಗಿತ್ತು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಕದಲಿತೋ ಇಲ್ಲವೋ ಎನ್ನುವಷ್ಟು ಕದಲಿ, ಸಂಜೆಯವರೆಗೆ ಕಾಯಿರಿ ಎಂದಿತು.

ನಮ್ಮ ಕಟ್ಟಡದ ವಿಷಯ ಇಲ್ಲಿ ಹೇಳಬೇಕು. ನೀರಿನ ಪಂಪು ಓಡುವಾಗ ಮೇಲಿನ ಮನೆಯ ಟೈಲರಮ್ಮ ಇಸ್ತ್ರಿಪೆಟ್ಟಿಗೆ ಹಾಕಿದರೆ ಇಡೀ ಕಟ್ಟಡದ ಫ್ಯೂಸ್ ಹಾರುತ್ತದೆ. ಕಂಪ್ಯೂಟರಿಗೆಂದು ಒಂದು ಬ್ಯಾಟರಿ ಪೆಟ್ಟಿಗೆ ಇದೆ, ಆದರೆ ಅದು ಮುದಿಯಾಗಿ, ಕರೆಂಟ್ ಇರುವಾಗಲೂ ಸುಮ್ಮಸುಮ್ಮನೆ ಕೀಂ ಕೀಂ ಎನ್ನುತ್ತ, ಕರೆಂಟ್ ಹೋದಕೂಡಲೇ ಗಪ್‌ಚಿಪ್ಪಾಗುತ್ತದೆ.

ಭಾವ ಮೇಲಕ್ಕೆ ಓಡಿದರು. "ತಾಯಿ, ಇವತ್ತೊಂದು ದಿನ ಇಸ್ತ್ರಿ ಹಾಕಬೇಡಿ."

"ಯಾಕ್ರೀ? ಗಿರಾಕಿ ಬಾಗಿಲಲ್ಲಿ ನಿಂತಿದಾರೆ!"

"ಕಾರಣ ಕೇಳಬೇಡಿ. ಒಬ್ಬರ ವರ್ಷದ ಶ್ರಮ... ಅಲ್ಲ, ಒಂದು ಜೀವ ನಿಮ್ಮ ಕೈಲಿದೆ" ಎಂದರು ಭಾವ. ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿದ್ದ ಜೀವ ಅವರದ್ದೇ.

ಟೈಲರಮ್ಮ ಹೆದರಿ ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತರು. ಭಾವ ಕೆಳಗಿಳಿದು, ಪಂಪಿನ ಬೀಗದ ಕೈಯನ್ನು ಜನಿವಾರದ ಹಾಗೆ ಸದಾ ಮೈಮೇಲೇ ಇಟ್ಟುಕೊಳ್ಳುವ ಕಟ್ಟಡದ ಸೆಕ್ರೆಟರಿಯ ಎದುರು ನಿಂತರು. ಅಷ್ಟರಲ್ಲಿ ಹೊರಗೆ ಜೀಪೊಂದು ನಿಂತು, ಲೈನ್‌ಮ್ಯಾನ್ ಒಬ್ಬ ಏಣಿ ಇಳಿಸಿ ನಮ್ಮ ಮನೆಯೆದುರಿನ ಕಂಬಕ್ಕೇ ಆನಿಸಿದ.

"ಏನಪ್ಪಾ, ಏನ್ಮಾಡ್ತಿದೀಯಾ?" ಎಂದು ಭಾವ ಕೂಗಿದರು.

"ಕೊಂಬೆ ತಂತಿಗೆ ತಾಗ್ತಿದೆ ಸಾರ್. ಕರೆಂಟ್ ತೆಗೆದು ಕಡೀಬೇಕು. ಸಂಜೆಗೆ ಕೊಡ್ತೀವಿ."

"ತೆಗೀಬೇಡ!" ಭಾವ ಏಣಿಯನ್ನು ಅಪ್ಪಿಕೊಂಡರು. ಜೀಪಿನಿಂದ ಸೆಕ್ಷನ್ ಆಫೀಸರ್ ಇಳಿದು ಏನಿದು ಗಲಾಟೆ ಎಂದರು. ಡಿಸ್ಕಿನ ಗೋಡೆ ಸರಿಸುತ್ತಿದ್ದೇನೆ ಎಂದರೆ ಕರೆಂಟ್ ತೆಗೆಯದೆ ಬಿಡುತ್ತಾರೆಯೇ? ಭಾವನ ಬಾಯಿಂದ, ಅವರಿಗೂ ಗೊತ್ತಿಲ್ಲದೆ, ಈ ಮಾತು ಹೊರಬಿತ್ತು: "ನಮ್ಮಮ್ಮ ಸಾರ್! ಉಸಿರಾಟದ ಮಷಿನ್ ಮೇಲಿದಾರೆ. ಕರೆಂಟ್ ಹೋದ್ರೆ ಹೋದ್ರು!"

ಸೆಕ್ರೆಟರಿಯ ಕೈ ತಾನಾಗಿ ಬೀಗದ ಕೈಯ ಮೇಲೆ ಹೋಯಿತು. "ಬೆಳಿಗ್ಗೆ ನನ್ನ ಹತ್ರ ಜಗಳ ಆಡಿದ್ರಲ್ಲ ರೀ, ಚೆನ್ನಾಗೇ ಇದ್ರು!"

"ಆ ಜಗಳದಿಂದಲೇ ಜಾಸ್ತಿ ಆಗಿದ್ದು" ಎಂದುಬಿಟ್ಟರು ಭಾವ. ಸೆಕ್ರೆಟರಿ ಪಾಪಪ್ರಜ್ಞೆಯಿಂದ ಕುಸಿದು, ಪಂಪಿನ ಬೀಗದ ಕೈಯನ್ನು ಭಾವನಿಗೇ ಒಪ್ಪಿಸಿದರು. ಇಷ್ಟು ವರ್ಷಗಳಲ್ಲಿ ಆ ಕೈ ಬೇರೆಯವರ ಕೈಗೆ ಹೋದದ್ದು ಅದೇ ಮೊದಲು.

ಆದರೆ ಸರ್ಕಾರಿ ಅಧಿಕಾರಿಗಳು ಕಣ್ಣಿಂದ ನೋಡದೆ ನಂಬುವುದಿಲ್ಲ. ಆಫೀಸರ್ ಮೆಟ್ಟಿಲು ಹತ್ತತೊಡಗಿದರು. ಭಾವ ಅವರಿಗಿಂತ ಮೊದಲು ಎರಡೆರಡು ಮೆಟ್ಟಿಲು ಹಾರಿ ಬಂದು, ನಡುಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದ ತಾಯಿಯ ಮುಂದೆ ಕೈಮುಗಿದರು.

"ಅಮ್ಮ, ಸ್ವಲ್ಪ ಮಲಗು. ನಿನಗೆ ಹುಷಾರಿಲ್ಲ."

"ನನಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ!" ಎಂದರು ಅಕ್ಕನ ಅತ್ತೆ, ನಾನೂ ಅತ್ತೆ ಎಂದೇ ಕರೆಯುವವರು.

"ಇಡೀ ಬೀದಿ ನಿನ್ನ ನೋಡೋಕೆ ಬರ್ತಿದೆ."

ಅತ್ತೆ ಬಟಾಣಿ ಕೆಳಗಿಟ್ಟರು. ಕೆಳಮನೆಯ ಅಜ್ಜಿ ಸೊಂಟ ಮುರಿದುಕೊಂಡಿದ್ದಾಗ ಅವರನ್ನು ನೋಡಲು ಬಂದ ಜನ, ತಂದ ಹಣ್ಣು, ಆಡಿದ ಸಾಂತ್ವನ ಇವೆಲ್ಲ ಅತ್ತೆಯ ಕಣ್ಣಲ್ಲಿ ಇವತ್ತಿಗೂ ಚುಚ್ಚುತ್ತಿದ್ದವು. ಸೊಂಟಕ್ಕೇ ಅಷ್ಟು ಜನ ಬಂದರೆ ಉಸಿರಿಗೆ ಎಷ್ಟು ಜನ ಬರಬೇಕು ಎಂದು ಅವರು ಲೆಕ್ಕ ಹಾಕಿರಬೇಕು. "ಒಳ್ಳೇ ಶಾಲು ತಗೊಂಡು ಬಾ. ಆ ಹಳೇದಲ್ಲ" ಎಂದವರೇ ಹೋಗಿ ಮಲಗಿದರು.

ಆಫೀಸರ್ ಇಣುಕಿದಾಗ ಅತ್ತೆ ಒಂದು ಕೈ ಎದೆಯ ಮೇಲಿಟ್ಟು, ಇನ್ನೊಂದನ್ನು ಮಂಚದಿಂದ ಜೋಲುಬಿಟ್ಟು, ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದರು. "ಮಷಿನ್ ಎಲ್ಲಿ?" ಎಂದು ಆಫೀಸರ್ ಕೇಳಿದರು. ಉತ್ತರವಾಗಿ ನನ್ನ ಕೋಣೆಯ ಮುಚ್ಚಿದ ಬಾಗಿಲ ಹಿಂದಿನಿಂದ ಬ್ಯಾಟರಿ ಪೆಟ್ಟಿಗೆ ಕೀಂ ಎಂದಿತು.

"ಮಷಿನ್ ಆ ಕೋಣೇಲಿ ಸಾರ್. ಪೈಪು ಗೋಡೆ ಒಳಗಿಂದ ಬಂದಿದೆ" ಎಂದರು ಭಾವ. ಆಫೀಸರ್ ಗೋಡೆ ನೋಡಿದರು, ಅತ್ತೆಯನ್ನು ನೋಡಿದರು. ಅತ್ತೆ ಕ್ಷೀಣದನಿಯಲ್ಲಿ, "ಪಾಪ, ಆ ಹುಡುಗನಿಗೆ ತೊಂದರೆ ಕೊಡಬೇಡಿ. ಕೊಂಬೆ ಕಡೀಲಿ. ನಾನು ಹೋದ್ರೆ ಹೋದೆ" ಎಂದುಬಿಟ್ಟರು. ಆಫೀಸರ್ ಕಣ್ಣೊರೆಸಿಕೊಂಡು ಇಳಿದು ಹೋಗಿ ಜೀಪನ್ನು ಬೇರೆ ಬೀದಿಗೆ ತಿರುಗಿಸಿದರು.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಒಂದು ಮಿಕ್ಸಿಯೂ ತಿರುಗುತ್ತಿರಲಿಲ್ಲ. ಮೇಲಿನವರು ಕೈಯಲ್ಲಿ ಬಟ್ಟೆ ಒಗೆದರು. ಟೈಲರಮ್ಮನ ಗಿರಾಕಿಗಳು ಸುಕ್ಕುಸುಕ್ಕು ಬಟ್ಟೆಯಲ್ಲೇ ಮದುವೆಗೆ ಹೋದರು. ಜನ ಕಿತ್ತಳೆ ಹಣ್ಣು ಹಿಡಿದು ತುದಿಗಾಲಲ್ಲಿ ಬಂದು ನೋಡಿ ಹೋಗುತ್ತಿದ್ದರು. ಕೊನೆಗೆ ಕೆಳಮನೆಯ ಅಜ್ಜಿಯೂ ಕೋಲೂರಿಕೊಂಡು ಬಂದು, ಹಣ್ಣಿನ ರಾಶಿಯನ್ನು ಒಮ್ಮೆ, ಶಾಲನ್ನು ಒಮ್ಮೆ ನೋಡಿ, "ನನಗೆ ಸೊಂಟ ಮುರಿದಾಗ ಪಂಪು ನಿಲ್ಲಿಸಿರಲಿಲ್ಲ ಬಿಡಿ" ಎಂದು ಮುಖ ತಿರುವಿಕೊಂಡು ಹೋದರು. ಅತ್ತೆಯ ಮುಖ ಅರಳಿದ್ದನ್ನು ನೋಡಿ ಯಾರೋ, "ಬಣ್ಣ ಬಂತು, ಮಷಿನ್ ಕೆಲಸ ಮಾಡ್ತಿದೆ" ಎಂದರು.

ಭಾವ ಮಾತ್ರ ನನ್ನ ಕೋಣೆಯಲ್ಲಿ ಹಸಿರು ಪಟ್ಟಿಯ ಮುಂದೆ ಕೂತು ಕರಗುತ್ತಿದ್ದರು. "ಲೋ, ಅವಳ ದನಿ ಹೋದ್ರೆ ಏನ್ ಮಾಡ್ಲೋ? ಆ ಮಕ್ಕಳು ಏನ್ ಓದ್ತಾವೋ?" ಎಂದು ನನ್ನ ಕೈ ಹಿಡಿದರು. ಅಷ್ಟೊತ್ತಿನಿಂದ ನಗು ಕಟ್ಟಿಕೊಂಡು ಕೂತಿದ್ದ ನನಗೆ ಆಗ ನಗು ಬರಲಿಲ್ಲ.

ಇಷ್ಟು ದೊಡ್ಡ ಕಾಯಿಲೆಯ ಮನೆಯಲ್ಲಿ ಒಬ್ಬ ಡಾಕ್ಟರೂ ಇಲ್ಲವಲ್ಲ ಎಂದು ನೊಂದ ಸೆಕ್ರೆಟರಿ, ಭಾವನನ್ನು ಕೇಳದೆ, ಕುಟುಂಬದ ಡಾಕ್ಟರಿಗೇ ಫೋನ್ ಮಾಡಿದ್ದರು. ಅಕ್ಕನಿಗೂ ಮಾಡಿದ್ದರು. ಇಳಿಹೊತ್ತಿನಲ್ಲಿ ಎರಡು ಕಡೆಯಿಂದ ಎರಡು ಗಾಡಿ ಬಂದು ನಿಂತವು. ಡಾಕ್ಟರು ಬ್ಯಾಗಿನ ಸಮೇತ, ತಂಗಿ ಅಳುತ್ತ, ಅಕ್ಕ ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ನುಗ್ಗಿದರು.

ಅತ್ತೆ ಎದ್ದು ಕೂತು ಕಿತ್ತಳೆ ತಿನ್ನುತ್ತಿದ್ದರು.

ಡಾಕ್ಟರು ನಾಡಿ ಹಿಡಿದರು, ಅಭ್ಯಾಸಬಲದಿಂದ "ಆ ಅನ್ನಿ" ಎಂದರು. "ಹಲ್ಲೂ ಚೆನ್ನಾಗಿದೆ, ಉಸಿರೂ ಚೆನ್ನಾಗಿದೆ. ಮಷಿನ್ ಯಾವುದು?" ಬ್ಯಾಟರಿ ಪೆಟ್ಟಿಗೆ ಕೀಂ ಎಂದಿತು. ಅಕ್ಕ ಆ ದನಿಯನ್ನು ದಿನಾ ಕೇಳುವವಳು. ನೇರ ಬಂದು ನನ್ನ ಕೋಣೆಯ ಬಾಗಿಲು ತೆಗೆದಳು.

ಭಾವ ಎದ್ದು ನಿಂತರು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆ ಎಂದು ನನಗೆ ಅವತ್ತು ತಿಳಿಯಿತು.

"ಏನ್ರೀ ಇದು? ಡಿ-ಗೆ ಏನ್ ಮಾಡಿದ್ರಿ?"

"ಸರಿಸ್ತಿದೀನಿ... ಇನ್ನೇನು ಆಗಿಹೋಯ್ತು..."

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಭಾವನಿಗೆ ಅಭ್ಯಾಸವಿತ್ತು. ಅವಳು ನನ್ನ ಹಾಸಿಗೆಯ ತುದಿಯಲ್ಲಿ ಕೂತು, "ಗಂಟಲು ಕಟ್ಟಿದಾಗಲೂ ಓದಿದೀನಿ ಕಣ್ರೀ. ಹೋದ್ರೆ ಮತ್ತೆ ಓದ್ತೀನಿ. ಆದ್ರೆ ಪರೀಕ್ಷೆ ನನಗೋಸ್ಕರ ಕಾಯಲ್ಲ" ಎಂದಳು. ಭಾವ ನೆಲ ನೋಡಿದರು.

ಡಾಕ್ಟರು ಪರದೆಗೆ ಬಗ್ಗಿದರು. "ಈಗ ಯಾರೂ ಏನೂ ಮುಟ್ಟಬೇಡಿ" ಎಂದರು. ಈ ಸಲ ಭಾವನಿಗೆ ಸಿಟ್ಟು ಬರಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡರು.

ಪಟ್ಟಿ ತುದಿ ಮುಟ್ಟಿತು. ಪರದೆ ಕಪ್ಪಾಯಿತು. ತಂಗಿ ಅಯ್ಯೋ ಎಂದಳು. ಬಾಗಿಲಲ್ಲಿ ಕತ್ತು ಚಾಚಿದ್ದ ಟೈಲರಮ್ಮ, ಸೆಕ್ರೆಟರಿ, ಶಾಲು ಹೊದ್ದ ಅತ್ತೆ ಎಲ್ಲರೂ ಉಸಿರು ಬಿಗಿಹಿಡಿದರು. ಆ ಮನೆಯಲ್ಲಿ ಅವತ್ತು ನಿಜವಾಗಿ ಉಸಿರು ನಿಂತದ್ದು ಆಗ ಮಾತ್ರ. ಕಂಪ್ಯೂಟರ್ ತನ್ನಷ್ಟಕ್ಕೆ ಆರಿ, ಮತ್ತೆ ಹತ್ತಿಕೊಂಡಿತು. ಅಕ್ಕ ಡಿ-ಯನ್ನು ತೆರೆದು ಕೊನೆಯ ಪಾಠವನ್ನು ಒತ್ತಿದಳು.

"ಗಿಡದ ಎಲೆಗಳು ಸೂರ್ಯನ ಬೆಳಕಿನಲ್ಲಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ" ಎಂದು ಅಕ್ಕನ ದನಿ ಕೋಣೆ ತುಂಬಿತು. ಭಾವ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಎಲೆಗಳ ಬಗ್ಗೆ ಯಾವ ವಿದ್ಯಾರ್ಥಿಯೂ ಅಷ್ಟು ಮನಕರಗಿ ಕೇಳಿರಲಾರ.

ಎಲ್ಲರೂ ಎಲ್ಲ ತಿಳಿದುಕೊಂಡರು. ಸೆಕ್ರೆಟರಿ ಬೀಗದ ಕೈಯನ್ನು ಕಿತ್ತುಕೊಂಡರು. ಟೈಲರಮ್ಮ ಹೇಳಬಾರದ ನಾಲ್ಕು ಮಾತು ಹೇಳಿ, ಹೋಗುವಾಗ, "ಸದ್ಯ, ಅಮ್ಮ ಚೆನ್ನಾಗಿದಾರಲ್ಲ, ಅಷ್ಟು ಸಾಕು" ಎಂದರು.

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಡಾಕ್ಟರು ಕಾಯಿಲೆಯ ಬೇರು ಹುಡುಕದೆ ಏಳುವವರಲ್ಲ. "ಅಲ್ಲಣ್ಣ, ಸಿ ಇಷ್ಟು ತುಂಬಿದ್ದಾದ್ರೂ ಯಾಕೆ?" ಎನ್ನುತ್ತ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರವನ್ನು ಒತ್ತಿದರು. ಅಳಿಸಿದ್ದೆಲ್ಲ ಅಲ್ಲಿ ಹೋಗಿ ಕೂರುತ್ತದೆ, ಬುಟ್ಟಿ ಖಾಲಿ ಮಾಡುವ ತನಕ ಜಾಗ ಬಿಡುವುದಿಲ್ಲ ಎಂಬುದು ಡಾಕ್ಟರಿಗೆ ಗೊತ್ತಿತ್ತು. ಭಾವನಿಗೆ ಗೊತ್ತಿರಲಿಲ್ಲ.

ಪರದೆಯ ತುಂಬ ಡಾಕ್ಟರು. ಕ್ಲಿನಿಕ್ಕಿನ ರಿಬ್ಬನ್ ಕತ್ತರಿಸುವ ಡಾಕ್ಟರು, ಕಾರಿಗೆ ಒರಗಿದ ಡಾಕ್ಟರು, ಶಾಲು ಹೊದ್ದ ಡಾಕ್ಟರು, ಸಮುದ್ರದಲ್ಲಿ ಪ್ಯಾಂಟು ಮಡಚಿಕೊಂಡ ಡಾಕ್ಟರು. ಕೆಳಗೆ ಎಳೆದಷ್ಟೂ ಡಾಕ್ಟರು.

"ನೋಡ್ರೇ!" ಎಂದರು ಅತ್ತೆ, ಕಂಪ್ಯೂಟರ್ ತಿಳಿಯದವರು. "ನನ್ನ ಮಗ ಷಡ್ಡಕನ ಫೋಟೋ ಎಲ್ಲಾನೂ ಎಷ್ಟು ಜೋಪಾನವಾಗಿ ಒಂದೇ ಕಡೆ ಎತ್ತಿಟ್ಟಿದಾನೆ!" ತಂಗಿ ಕಣ್ಣೀರಾಗಿ, "ನಮ್ಮಣ್ಣ ಅನ್ನಿಸಿಕೊಂಡೋನು ಒಂದೂ ಇಟ್ಟಿಲ್ಲ" ಎಂದು ನನ್ನನ್ನು ದುರುಗುಟ್ಟಿ ನೋಡಿದಳು. ಅಕ್ಕನಿಗೆ ಅರ್ಥವಾಗಿತ್ತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಬಹಳ ಹೊತ್ತು ಪರದೆಯನ್ನೇ ನೋಡಿದರು. ಬಾಯಿ ತೆರೆದರೆ ಭಾವ ಮುಗಿದಂತೆ.

"ಹೂಂ. ಜೋಪಾನವಾಗೇ ಇಟ್ಟಿದಾರೆ" ಎಂದು ಅವರು ಬುಟ್ಟಿಯನ್ನು ಮುಚ್ಚಿದರು.

ಹೊರಡುವಾಗ ಮೆಟ್ಟಿಲ ಮೇಲೆ ಭಾವನ ಭುಜದ ಮೇಲೆ ಕೈಯಿಟ್ಟರು. ನಾನು ಬ್ಯಾಗು ಹಿಡಿದು ಹಿಂದೆಯೇ ಇದ್ದೆ. "ಅಣ್ಣ, ಒಂದು ಮಾತು. ನೀವು ಬಾಯಿಬಿಟ್ಟು ಕೇಳಿದ್ದಕ್ಕೆ ಇಡೀ ಬೀದಿ ಮಿಕ್ಸಿ ನಿಲ್ಲಿಸ್ತು. ನಮ್ಮ ಬೀದೀಲಿ ನಿಜವಾಗಿ ನನ್ನ ಉಸಿರು ನಿಂತ್ರೂ ಒಬ್ಬರೂ ಪಂಪು ಆರಿಸಲ್ಲ. ಪಕ್ಕದ ಮನೆಯೋರಿಗೆ ನನ್ನ ಪರಿಚಯವೇ ಇಲ್ಲ. ನಿಜ ಹೇಳ್ತೀನಿ, ನನಗೆ ಹೊಟ್ಟೆ ಉರೀತಿದೆ."

ಭಾವ ಆ ಮಾತನ್ನು ಅಲ್ಲಿಯೇ ನಿಂತು ಪೂರ್ತಿ ಸವಿದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಯಿತು. "ಛೇ ಛೇ, ಅದೇನು ದೊಡ್ಡ ವಿಷಯ" ಎಂದರು, ಪೇಪರಿನಿಂದ ತಲೆಯೆತ್ತದೆ ಹೇಳುವ ದನಿಯಲ್ಲಿ. ಡಾಕ್ಟರ ಕಾರು ತಿರುವು ದಾಟಿದ್ದೇ ತಡ ಮೇಲೆ ಬಂದು, ಉದಾರವಾಗಿ, ಬುಟ್ಟಿಯನ್ನು ಪೂರ್ತಿ ಖಾಲಿ ಮಾಡಿದರು. "ಇನ್ನು ಮೇಲೆ ಅವನ ಫೋಟೋ ಒಂದನ್ನೂ ಅಳಿಸಲ್ಲ. ಪಾಪ, ಒಳ್ಳೇ ಮನುಷ್ಯ ಕಣೋ" ಎಂದರು. ಮರುದಿನ ಮೇಷ್ಟ್ರು ಬಂದು ಪಾಠ ತೆಗೆದುಕೊಂಡು ಹೋದರು. ಭಾವ ಕಟ್ಟಡದ ಪ್ರತಿ ಬಾಗಿಲಿಗೂ ಹೋಗಿ ಕ್ಷಮೆ ಕೇಳಿ, ಮಿಕ್ಕ ಕಿತ್ತಳೆ ಹಂಚಿ ಬಂದರು.

ಮುಂದಿನ ಭಾನುವಾರ ತಂಗಿ ಒಂದು ಫೋಟೋ ಕಳಿಸಿದಳು. ಡಾಕ್ಟರು ತಮ್ಮ ಬೀದಿಯವರನ್ನೆಲ್ಲ ಟೆರೇಸಿಗೆ ಕರೆದು ಚಹಾ ಕೊಟ್ಟಿದ್ದರು. ನಡುವೆ ಅವರು, ಸುತ್ತ ಅಷ್ಟೂ ಮನೆಗಳ ಜನ, ಯಾರದೋ ಮಗು ಅವರ ಹೆಗಲ ಮೇಲೆ. ನಮ್ಮ ಬೀದಿಗಿಂತ ಜನ ಜಾಸ್ತಿಯೇ ಇದ್ದರು. ಭಾವ ಅದನ್ನು ದೊಡ್ಡದು ಮಾಡಿ, ಒಂದೊಂದೇ ತಲೆ ಎಣಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು, ಆ ಹಳೆಯ ಕೀಲಿಯನ್ನೇ ಜೋರಾಗಿ ಕುಟ್ಟಿದರು.

"ಬುಟ್ಟಿ ಖಾಲಿ ಮಾಡಲ್ವಾ ಭಾವ?" ಎಂದೆ.

"ಯಾಕೆ ಅವಸರ?" ಎಂದು ಭಾವ ಊಟಕ್ಕೆ ಎದ್ದರು. "ಸಿ-ಯಲ್ಲಿ ಈಗ ಬೇಕಾದಷ್ಟು ಜಾಗ ಇದೆಯಲ್ಲ."